ಟೆಂಪೋದಲ್ಲಿರುವ ಮಾಲು ಯಾರ ಲೆಕ್ಕಕ್ಕೆ?

ಹುಬ್ಬಳ್ಳಿಯಲ್ಲಿ ಗೋಡೌನ್, ಗದಗ ಮತ್ತು ಹಾವೇರಿಯಲ್ಲಿ ಅಂಗಡಿ. ಬೋರ್‌ವೆಲ್ ಮೋಟರ್, ಸ್ಟಾರ್ಟರ್, ಕೇಬಲ್ ವ್ಯಾಪಾರ ಅಂದುಕೊಳ್ಳಿ. ಇಂಥವರ ಲೆಕ್ಕ ನೋಡಲು ಹೋದಾಗ ನಾನು ಮೊದಲು ಕೇಳುವುದು, ಟೆಂಪೋದಲ್ಲಿರುವ ಮಾಲು ಈಗ ಯಾರ ಲೆಕ್ಕದಲ್ಲಿದೆ ಅಂತ.

ಶನಿವಾರ ಸಂಜೆ ಹುಬ್ಬಳ್ಳಿಯಲ್ಲಿ 8 ಮೋಟರ್ ಲೋಡ್ ಆಗುತ್ತವೆ. ಅಲ್ಲಿಯ ಸ್ಟಾಕಿನಿಂದ ಅವತ್ತೇ ಕಳೆಯುತ್ತಾರೆ. ಗದಗದವರು ಏರಿಸಿಕೊಳ್ಳುವುದು ಸೋಮವಾರ ಎಣಿಸಿದ ಮೇಲೆ. ನಡುವೆ ಆ 8 ಮೋಟರ್ ಎಲ್ಲೂ ಇಲ್ಲ! ಕಂಪ್ಯೂಟರ್‌ನಲ್ಲಿ ಸೊನ್ನೆ ಕಂಡ ಗದಗದ ಹುಡುಗ ಹಾವೇರಿಯಿಂದ 4 ತರಿಸುತ್ತಾನೆ, ಕಂಪನಿಗೂ ಆರ್ಡರ್ ಹಾಕಿಬಿಡುತ್ತಾನೆ. ವಾರದಲ್ಲಿ ಗದಗದಲ್ಲಿ ಕಾಲಿಡಲು ಜಾಗವಿಲ್ಲ, ಹಾವೇರಿಯ ಗಿರಾಕಿ ಬರಿಗೈಲಿ ವಾಪಸ್.

ಸಾಫ್ಟ್‌ವೇರ್‌ನಲ್ಲಿ ‘ದಾರಿಯಲ್ಲಿ’ ಅಂತ ಇನ್ನೊಂದು ಗೋಡೌನ್ ಮಾಡಿ. ನಿಮ್ಮದು ಟ್ಯಾಲಿ ಸಾಫ್ಟ್‌ವೇರ್ ಆದರೆ ಎರಡು ಸ್ಟಾಕ್ ಜರ್ನಲ್, ಅಂದರೆ ಮಾಲು ಒಂದು ಗೋಡೌನ್‌ನಿಂದ ಇನ್ನೊಂದಕ್ಕೆ ಹೋದದ್ದನ್ನು ಬರೆಯುವ ಎಂಟ್ರಿ, ಸಾಕು. ಕಳಿಸಿದವರು ಅದಕ್ಕೆ ಹಾಕಲಿ, ಇಳಿಸಿಕೊಂಡವರು ಅದರಿಂದ ತೆಗೆಯಲಿ. ಒಂದು ಪೀಸ್ ಕಡಿಮೆ ಬಂದರೆ ಅಲ್ಲೇ ಉಳಿದು ಕಣ್ಣಿಗೆ ಬೀಳುತ್ತದೆ.

ಇನ್ನು, ‘ಇರಲಿ’ ಅಂತ ಪ್ರತಿ ಅಂಗಡಿಯೂ ಇಟ್ಟುಕೊಳ್ಳುವ ಹೆಚ್ಚುವರಿ ಮಾಲು. ಬೇಡಿಕೆಯ ಏರಿಳಿತ ಒಂದೇ ಪ್ರಮಾಣದಲ್ಲಿರುವ 4 ಕಡೆ ಹತ್ತತ್ತು ಇಡುವ ಬದಲು ಒಂದೇ ಕಡೆ ಇಟ್ಟರೆ 40 ಬೇಕಿಲ್ಲ, 20 ಸಾಕು. ಇದು ವರ್ಗಮೂಲದ ಲೆಕ್ಕ: 4ರ ವರ್ಗಮೂಲ 2, ಹಾಗಾಗಿ ಹತ್ತರ ಎರಡು ಪಟ್ಟು. ಆದರೆ ಒಂದೂರಿನ ಬೇಡಿಕೆಗೂ ಇನ್ನೊಂದೂರಿನದಕ್ಕೂ ಸಂಬಂಧ ಇರಬಾರದು. ಏಪ್ರಿಲ್‌ನಲ್ಲಿ ಎಲ್ಲ ಊರಲ್ಲೂ ಒಟ್ಟಿಗೇ ಮೋಟರ್ ಸುಡುತ್ತವೆ, ಆಗ ಈ ಲೆಕ್ಕ ನಂಬಿದರೆ ಕೆಟ್ಟಿರಿ. ಹಾಗಾಗಿ ಕೆಪಾಸಿಟರ್‌ನಂಥ ಅಗ್ಗದ, ದಿನಾ ಓಡುವ ಮಾಲು ಎಲ್ಲ ಅಂಗಡಿಯಲ್ಲೂ ಜಾಸ್ತಿಯೇ ಇರಲಿ. ಅಪರೂಪಕ್ಕೆ ಹೋಗುವ 15 ಎಚ್‌ಪಿ ಮೋಟರ್ ಹುಬ್ಬಳ್ಳಿಯಲ್ಲಷ್ಟೇ ಸಾಕು. ಬೇಸಿಗೆಗೆ ಮಾತ್ರ 5 ಎಚ್‌ಪಿ ಮೋಟರನ್ನು ಮೊದಲೇ ಹಂಚಿಬಿಡಿ.

ಕಾಗದದ ವಿಷಯ: ಒಂದೇ ಜಿಎಸ್‌ಟಿ ನಂಬರ್‌ ಅಡಿ ರಾಜ್ಯದೊಳಗೇ ಕಳಿಸಿದರೆ ತೆರಿಗೆ ಇಲ್ಲ, ಡೆಲಿವರಿ ಚಲನ್ ಸಾಕು. ಮಾರಾಟವಲ್ಲ, ಇ-ವೇ ಬಿಲ್ (ಮಾಲು ಸಾಗಿಸಲು ಆನ್‌ಲೈನ್‌ನಲ್ಲಿ ತೆಗೆಯುವ ಚೀಟಿ) ಯಾಕೆ ಅಂತಾರೆ ಕೆಲವರು. ಮಾಲಿನ ಬೆಲೆ 50,000 ರೂಪಾಯಿ ದಾಟಿತಾ? ಹಾಗಿದ್ದರೆ ಬೇಕು. ಮಹಾರಾಷ್ಟ್ರದ ಸಾಂಗ್ಲಿಯಲ್ಲಿ ಬ್ರಾಂಚ್ ತೆರೆದರೆ ಅದು ಬೇರೆಯೇ ನಂಬರ್, ನಿಮ್ಮದೇ ಅಂಗಡಿಗೂ ತೆರಿಗೆ ಹಾಕಿ ಬಿಲ್ ಮಾಡಬೇಕು.

ಎಣಿಕೆಗೆ ಮಾರ್ಚ್ 31ರವರೆಗೆ ಕಾಯಬೇಡಿ. ವಾರಕ್ಕೆ ನಾಲ್ಕೈದು ಐಟಂ ಆರಿಸಿ, ಎಲ್ಲ ಅಂಗಡಿಗಳಲ್ಲೂ ಒಂದೇ ದಿನ, ಶಟರ್ ತೆಗೆಯುವ ಮುಂಚೆ ಎಣಿಸಿ. ಇವತ್ತು ಇಲ್ಲಿ, ನಾಳೆ ಅಲ್ಲಿ ಅಂತ ಮಾಡಿದರೆ ರಾತ್ರಿ ಟೆಂಪೋ ಹತ್ತಿದ ಮೋಟರ್ ಎರಡೂ ಕಡೆ ಲೆಕ್ಕಕ್ಕೆ ಬರುತ್ತದೆ.