ಗೋಡೆ ಓಡಿದ್ದು ಯಾಕೆ?

"ಡಾಕ್ಟ್ರೇ, ಎಡಗಡೆ ನೋಡಿದ್ರೆ ಗೋಡೆನೇ ಆ ಕಡೆ ಓಡುತ್ತೆ." ಸಕ್ಕರೆ ಕಾಯಿಲೆ ಇರುವ ಹಿರಿಯರೊಬ್ಬರು ಹೀಗೆ ಹೇಳಿದಾಗ ಪಕ್ಕದಲ್ಲಿದ್ದ ಮಗ ಗಾಬರಿಯಾಗಿದ್ದ. ಅಪ್ಪನಿಗೆ ಭ್ರಮೆ ಶುರುವಾಗಿದೆ ಎಂಬ ಭಯ ಅವನಿಗೆ. ಅವರ ಬಲಗಣ್ಣು ಮುಚ್ಚಿಸಿ, ಎಡಕ್ಕೆ ಹಿಡಿದ ನನ್ನ ಪೆನ್ನನ್ನು ತಟ್ಟನೆ ಮುಟ್ಟಲು ಹೇಳಿದೆ. ಕೈ ಪೆನ್ನನ್ನು ದಾಟಿ ಇನ್ನೂ ಎಡಕ್ಕೆ ಹೋಯಿತು. ಎಡಗಣ್ಣನ್ನು ಹೊರಗೆ ಎಳೆಯುವ ಸ್ನಾಯುವಿನ ನರ, ನಾವು ಆರನೇ ನರ ಅನ್ನುವುದು, ಸೋತಿತ್ತು.

ಸೋತದ್ದು ನರ. ಗೋಡೆ ಯಾಕೆ ಓಡಬೇಕು?

ಕಣ್ಣು ಹೊರಳಿಸಲು ಆಜ್ಞೆ ಕೊಡುವಾಗ ಮಿದುಳು ಅದರ ಒಂದು ನಕಲನ್ನು ತನ್ನ ನೋಡುವ ಭಾಗಗಳಿಗೂ ಕಳಿಸುತ್ತದೆ. ಕಣ್ಣು ಹೊರಳಿದಾಗ ಒಳಗಿನ ಚಿತ್ರ ಸರಿಯುತ್ತದಲ್ವಾ, ಆ ಸರಿತವನ್ನು ನಕಲಿನ ಲೆಕ್ಕದಲ್ಲಿ ಕಳೆಯುತ್ತದೆ. ಹಾಗಾಗಿ ಜಗತ್ತು ನಿಂತಲ್ಲೇ ನಿಂತಂತೆ ಕಾಣುತ್ತದೆ. ಈ ಹಿರಿಯರಲ್ಲಿ ಆಜ್ಞೆ ಹೊರಟಿತು, ನಕಲೂ ತಲುಪಿತು, ಕಣ್ಣು ಮಾತ್ರ ಹೊರಳಲಿಲ್ಲ. ಕಣ್ಣು ಎಡಕ್ಕೆ ಹೋಗಿಯೂ ಚಿತ್ರ ಸರಿದಿಲ್ಲ ಅಂದರೆ ಗೋಡೆಯೂ ಜೊತೆಗೇ ಹೋಗಿರಬೇಕು! ಮಿದುಳಿನ ಲೆಕ್ಕ ಅಷ್ಟೇ.

ಇದರ ಉಲ್ಟಾವನ್ನು ನೀವೇ ನೋಡಬಹುದು. ಒಂದು ಕಣ್ಣು ಮುಚ್ಚಿ, ಇನ್ನೊಂದರ ಹೊರಮೂಲೆಯನ್ನು ರೆಪ್ಪೆಯ ಮೇಲಿಂದ ಬೆರಳಲ್ಲಿ ಮೆಲ್ಲಗೆ ಒತ್ತಿ. (ಕಣ್ಣಿನ ಆಪರೇಷನ್ ಆದವರು, ಗ್ಲಾಕೋಮಾ ಇರುವವರು ಬೇಡ.) ಕೋಣೆ ಅಲುಗುತ್ತದೆ. ಕಣ್ಣು ಸರಿಯಿತು, ಆಜ್ಞೆಯೂ ಇಲ್ಲ, ನಕಲೂ ಇಲ್ಲ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲೇ ಇದನ್ನು ಬರೆದಿಟ್ಟಿದ್ದರು.

ನನಗೆ ಇವತ್ತಿಗೂ ಬೆರಗು ಹುಟ್ಟಿಸುವುದು 1992ರ ಒಂದು ಪ್ರಯೋಗ. ಡುಹಾಮೆಲ್, ಕೋಲ್ಬಿ, ಗೋಲ್ಡ್‌ಬರ್ಗ್ ಎಂಬ ವಿಜ್ಞಾನಿಗಳು ಮಂಗಗಳ ಮಿದುಳಿನಲ್ಲಿ ನೆತ್ತಿಯ ಹಿಂಬದಿಗಿರುವ ಪ್ಯಾರೈಟಲ್ ಭಾಗದ ಕೋಶಗಳ ವಿದ್ಯುತ್ ಮಿಡಿತವನ್ನು ಆಲಿಸಿದರು. ಅಲ್ಲಿ ಒಂದೊಂದು ಕೋಶಕ್ಕೂ ನೋಟದಲ್ಲಿ ತನ್ನದೇ ಒಂದು ಜಾಗ ಇರುತ್ತದೆ. ಮಂಗ ಕಣ್ಣು ಹೊರಳಿಸಲು ಸಜ್ಜಾದ ಕೂಡಲೇ ಕೆಲವು ಕೋಶಗಳು, ಕಣ್ಣು ಹೊರಳಿದ ಮೇಲೆ ತಮ್ಮ ಪಾಲಿಗೆ ಬರಲಿದ್ದ ಜಾಗದ ಬೆಳಕಿಗೆ ಆಗಲೇ ಮಿಡಿದವು. ಕಣ್ಣಿನ್ನೂ ಕದಲಿರಲಿಲ್ಲ. ಮನುಷ್ಯರಲ್ಲೂ ಹಾಗೇ: ಕಣ್ಣು ಎಲ್ಲಿಗೆ ಹೋಗಬೇಕೆಂದು ತೀರ್ಮಾನವಾಗುತ್ತದೋ ಆ ಜಾಗದ ಅಕ್ಷರ, ಆಕಾರ ಕಣ್ಣು ಹೊರಡುವ ಮೊದಲೇ ಜಾಸ್ತಿ ಚೆನ್ನಾಗಿ ಗುರುತು ಸಿಗುತ್ತದೆ.

ಮಗನಿಗೆ ಇಷ್ಟೆಲ್ಲ ಹೇಳಲಿಲ್ಲ. ಅಪ್ಪನ ಮಿದುಳು ಸರಿಯಾಗೇ ಲೆಕ್ಕ ಹಾಕುತ್ತಿದೆ ಎಂದೆ. ಎಡಗಣ್ಣಿಗೆ ಪಟ್ಟಿ ಹಾಕಿದೆವು, ಗೋಡೆ ನಿಂತಿತು. ಸಕ್ಕರೆ ಕಾಯಿಲೆಯಿಂದ ಸೋತ ಈ ನರ ಹೆಚ್ಚಿನವರಲ್ಲಿ ಕೆಲವು ತಿಂಗಳಲ್ಲಿ ಚೇತರಿಸಿಕೊಳ್ಳುತ್ತದೆ. ಆದರೆ ಬೇರೆ ಕಾರಣಗಳೂ ಇರಬಹುದು. ನಿಮ್ಮ ಮನೆಯಲ್ಲಿ ಯಾರಿಗಾದರೂ ಇದ್ದಕ್ಕಿದ್ದಂತೆ ಹೀಗಾದರೆ, ಅಥವಾ ಒಂದೇ ವಸ್ತು ಎರಡೆರಡಾಗಿ ಕಾಣತೊಡಗಿದರೆ ಅವತ್ತೇ ವೈದ್ಯರಿಗೆ ತೋರಿಸಿ.