ಡಸ್ಟ್ ಅಲರ್ಜಿ ಅಷ್ಟೇ ಅಲ್ವಾ ಮೇಡಂ?

ಹೋದ ತಿಂಗಳು ಒಬ್ಬ ಆಟೋ ಚಾಲಕರು ಬಂದಿದ್ದರು. ಕುರ್ಚಿಯಲ್ಲಿ ಕೂರುವ ಮೊದಲೇ ತಮ್ಮ ಕಾಯಿಲೆ ಏನು ಅಂತ ಅವರೇ ಹೇಳಿಬಿಟ್ಟರು. "ಡಸ್ಟ್ ಅಲರ್ಜಿ ಮೇಡಂ. ಒಂದು ಸಿರಪ್ ಬರ್ಕೊಡಿ, ಸಾಕು." ಎರಡು ವರ್ಷದಿಂದ ಅದೇ ಹೆಸರು, ಅದೇ ಸಿರಪ್. ಮೆಡಿಕಲ್ ಶಾಪ್‌ನವರು ಇವರ ಮುಖ ನೋಡಿದ ಕೂಡಲೇ ಬಾಟಲಿ ತೆಗೆದಿಡುತ್ತಾರಂತೆ. ಈ ಸಲ ಹೆಂಡತಿ ಹಟ ಹಿಡಿದಿದ್ದಕ್ಕೆ ನನ್ನ ಹತ್ತಿರ ಬಂದಿದ್ದು. ಒಂದೇ ಮಹಡಿ ಹತ್ತಿ ಬಂದವರು ಅರ್ಧ ವಾಕ್ಯಕ್ಕೊಮ್ಮೆ ನಿಲ್ಲಿಸಿ ಉಸಿರು ಎಳೆದುಕೊಳ್ಳುತ್ತಿದ್ದರು.

ಬೆಂಗಳೂರಿನಲ್ಲಿ ಶ್ವಾಸಕೋಶ ನೋಡುವ ಎದೆ ಡಾಕ್ಟರ್ ಆಗಿ ನನಗೆ ದಿನಾ ಕೇಳಿಸುವ ಮಾತು ಇದು. ಕೆಮ್ಮು? ಡಸ್ಟ್ ಅಲರ್ಜಿ. ಉಬ್ಬಸ? ಡಸ್ಟ್ ಅಲರ್ಜಿ. ಮೆಟ್ಟಿಲು ಹತ್ತಿದರೆ ಎದೆ ಹಿಡಿದ ಹಾಗೆ ಆಗುತ್ತದಾ? ಅದೂ ಡಸ್ಟ್ ಅಲರ್ಜಿ. ಹೆಸರು ಸಿಕ್ಕಿತು ಅಂದರೆ ಜನರಿಗೆ ಸಮಾಧಾನ. ನನಗೆ ಮಾತ್ರ ರೇಗುತ್ತದೆ, ಸುಳ್ಳು ಯಾಕೆ ಹೇಳಲಿ.

ಡಸ್ಟ್ ಅಲರ್ಜಿ ಅನ್ನುವುದು ಇಲ್ಲವೇ ಇಲ್ಲ ಅಂತಲ್ಲ. ಇದೆ. ಅದಕ್ಕೆ ಹೆಚ್ಚಾಗಿ ಕಾರಣ ರಸ್ತೆಯ ಧೂಳೇ ಅಲ್ಲ, ನಮ್ಮ ಹಾಸಿಗೆ, ದಿಂಬಿನಲ್ಲಿ ಬದುಕುವ ಕಣ್ಣಿಗೆ ಕಾಣದ ಸಣ್ಣ ಹುಳು. ಸಾಲಾಗಿ ಸೀನು, ಮೂಗಿನಲ್ಲಿ ತುರಿಕೆ, ಕಣ್ಣಲ್ಲಿ ನೀರು. ಅದಕ್ಕೆ ಬೇರೆ ಔಷಧಿ, ಬೇರೆ ದಾರಿ. ಅದನ್ನು ಇಲ್ಲಿಗೆ ಬಿಡುತ್ತೇನೆ.

ನನ್ನ ತಕರಾರು 'ಡಸ್ಟ್' ಅನ್ನುವ ಪದದ ಮೇಲೆ. ಧೂಳು ಅಂದ ಕೂಡಲೇ ಜನರ ಮನಸ್ಸಿಗೆ ಬರುವುದು ಕಿಟಕಿ ಮೇಲೆ ಕೂರುವ ಧೂಳು, ಮೆಟ್ರೋ ಕೆಲಸದ ಧೂಳು, ಮೈಸೂರು ರಸ್ತೆಯಲ್ಲಿ ಲಾರಿ ಹೋದಾಗ ಏಳುವ ಧೂಳು. ಅದೂ ಒಳ್ಳೆಯದಲ್ಲ. ಆದರೆ ನಮ್ಮನ್ನು ಜಾಸ್ತಿ ಹಾಳು ಮಾಡುವುದು ಕಾಣುವ ಧೂಳಲ್ಲ. ಹೊಗೆಯಿಂದ ಬರುವ ಕಣ. ಪಿಎಂ 2.5 ಅಂತ ಪೇಪರ್‌ನಲ್ಲಿ ಓದುತ್ತೀರಲ್ಲ, ಅದು. 2.5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣದು. ತಲೆಕೂದಲಿನ ದಪ್ಪದಲ್ಲಿ ಸುಮಾರು 30ನೇ ಒಂದು ಭಾಗ.

ರಾಗಿ ಹಿಟ್ಟು ಜರಡಿ ಹಿಡಿದವರಿಗೆ ಇದನ್ನು ಹೇಳುವುದು ಸುಲಭ. ತರಿ ಮೇಲೆ ನಿಲ್ಲುತ್ತದೆ, ನಯವಾದ ಹಿಟ್ಟು ಕೆಳಗೆ ಬೀಳುತ್ತದೆ. ಮೂಗು, ಗಂಟಲು ನಮ್ಮ ಜರಡಿ. ರಸ್ತೆಯ ದಪ್ಪ ಧೂಳು ಅಲ್ಲೇ ನಿಲ್ಲುತ್ತದೆ, ಸೀನು ಬರುತ್ತದೆ, ಕರ್ಚೀಫಿನಲ್ಲಿ ಕಪ್ಪಾಗಿ ಕಾಣುತ್ತದೆ. ಕಂಡಿತು ಅಂದರೆ ಅದು ಹೊರಗೆ ಬಂದ ಮಾಲು. ನಯವಾದದ್ದು ಜರಡಿ ದಾಟಿ ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೆ ಹೋಗುತ್ತದೆ. ಅದರಲ್ಲೂ ತೀರಾ ಸಣ್ಣದು ಅಲ್ಲಿಂದ ರಕ್ತಕ್ಕೂ ಇಳಿಯುತ್ತದೆ. ಅದು ಕಾಣುವುದಿಲ್ಲ, ತುರಿಸುವುದಿಲ್ಲ, ಎಷ್ಟೋ ಸಲ ಕೆಮ್ಮನ್ನೂ ತರುವುದಿಲ್ಲ. ಹಾಗಾಗಿ ಅದರ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಇನ್ನೊಮ್ಮೆ ಹೇಳುತ್ತೇನೆ, ಯಾಕಂದರೆ ಇಷ್ಟು ಹೇಳಿದ ಮೇಲೂ ಬಾಗಿಲ ಹತ್ತಿರ ಹೋಗಿ ತಿರುಗಿ, "ಹಾಗಾದ್ರೆ ಮನೆ ದಿನಾ ಎರಡು ಸಲ ಒರೆಸ್ತೀವಿ ಡಾಕ್ಟ್ರೇ" ಅನ್ನುವವರಿದ್ದಾರೆ. ಒರೆಸಿ, ಬೇಡ ಅನ್ನುವುದಿಲ್ಲ. ಆದರೆ ನೆಲಕ್ಕೆ ಬಿದ್ದದ್ದನ್ನು ಮಾತ್ರ ಒರೆಸಬಹುದು. ದಪ್ಪ ಧೂಳು ಬೇಗ ಕೆಳಗೆ ಬೀಳುತ್ತದೆ. ಈ ಹೊಗೆ ಕಣ ದಿನಗಟ್ಟಲೆ ಗಾಳಿಯಲ್ಲೇ ತೇಲುತ್ತಿರುತ್ತದೆ. ಡೀಸೆಲ್ ಹೊಗೆ, ಜನರೇಟರ್, ಕಸಕ್ಕೆ ಹಚ್ಚಿದ ಬೆಂಕಿ, ತಂದೂರಿ ಒಲೆಯ ಇದ್ದಿಲು, ಮನೆಯೊಳಗಿನ ಸೊಳ್ಳೆ ಬತ್ತಿ, ಎಲ್ಲದರಿಂದಲೂ ಇದು ಬರುತ್ತದೆ. ಬಾಯಿಗೆ ಕಟ್ಟಿದ ಕರ್ಚೀಫ್ ಇದನ್ನು ಹೆಚ್ಚು ತಡೆಯುವುದಿಲ್ಲ. ಎನ್95 ಮಾಸ್ಕ್ ತಡೆಯುತ್ತದೆ, ಸರಿಯಾಗಿ ಮುಖಕ್ಕೆ ಕೂತರೆ. ಗಡ್ಡಕ್ಕೆ ಇಳಿಸಿಕೊಂಡರೆ ಅಲ್ಲ.

ಇನ್ನು ಶ್ವಾಸಕೋಶಕ್ಕೆ ಮಾತ್ರ ತೊಂದರೆ ಅಂದುಕೊಂಡವರಿಗೆ ಒಂದು ಲೆಕ್ಕ. ಹೊರಗಿನ ಗಾಳಿ ಕೆಟ್ಟು 2019ರಲ್ಲಿ ಜಗತ್ತಿನಲ್ಲಿ ಆದ ಅಕಾಲ ಸಾವುಗಳಲ್ಲಿ ಸುಮಾರು ಶೇಕಡ 68ರಷ್ಟು ಹೃದಯಾಘಾತದಂಥ ಹೃದಯದ ಕಾಯಿಲೆ ಮತ್ತು ಲಕ್ವದಿಂದ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ನಮ್ಮ ವಿಭಾಗಕ್ಕಿಂತ ಪಕ್ಕದ ಹೃದಯ ವಿಭಾಗಕ್ಕೇ ಇದರ ಪಾಲು ಜಾಸ್ತಿ. 2013ರಲ್ಲೇ ಹೊರಗಿನ ಗಾಳಿಯ ಮಾಲಿನ್ಯವನ್ನು ಖಚಿತವಾಗಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದ್ದಾರೆ. ಬೀಡಿ, ಸಿಗರೇಟಿನ ಹೊಗೆ ಇರುವುದೂ ಅದೇ ಗುಂಪಿನಲ್ಲಿ.

ಇಲ್ಲಿ ಒಂದು ಎಚ್ಚರಿಕೆ. ಈ ಲೆಕ್ಕ ಊರಿಗೆ, ದೇಶಕ್ಕೆ ಅನ್ವಯಿಸುತ್ತದೆ. ನನ್ನ ಎದುರು ಕೂತ ಒಬ್ಬರಿಗೆ "ನಿಮ್ಮ ಹಾರ್ಟ್ ಅಟ್ಯಾಕ್ ಗಾಳಿಯಿಂದಲೇ ಆಗಿದ್ದು" ಅಂತ ನಾನು ಬರೆದುಕೊಡಲಾರೆ. ಸಕ್ಕರೆ ಕಾಯಿಲೆ ಇರುತ್ತದೆ, ಬಿಪಿ ಇರುತ್ತದೆ, ಬೀಡಿ ಇರುತ್ತದೆ. ಆಟೋ ಚಾಲಕರೂ ಹತ್ತು ವರ್ಷ ಬೀಡಿ ಸೇದಿ ಬಿಟ್ಟವರೇ. ಯಾವುದರ ಪಾಲು ಎಷ್ಟು ಅಂತ ಒಬ್ಬ ಮನುಷ್ಯನಲ್ಲಿ ಬಿಡಿಸಿ ಹೇಳಲು ಬರುವುದಿಲ್ಲ.

"ಬೆಂಗಳೂರಿನ ಹವಾ ಚೆನ್ನಾಗಿದೆ, ನಾವೇನು ದಿಲ್ಲಿಯಲ್ಲಿದ್ದೀವಾ?" ಇದು ಎರಡನೇ ಮಾತು. ಜಯನಗರದ ಒಬ್ಬ ನಿವೃತ್ತ ಎಂಜಿನಿಯರ್ ನನಗೆ ಬಹಳ ಪ್ರೀತಿಯ ಪೇಷಂಟ್. ಪ್ರತಿ ಸಲ ಫೋನ್ ಹಿಡಿದೇ ಬರುತ್ತಾರೆ. "ನೋಡಿ ತಾಯಿ, ಹಸಿರು ಬಣ್ಣ ಇದೆ. ಲಾಲ್‌ಬಾಗ್‌ಗೆ ವಾಕಿಂಗ್ ಹೋದ್ರೆ ತಪ್ಪೇನು?" ತಪ್ಪಿಲ್ಲ ಸರ್, ಹೋಗಿ. ಚಳಿಗಾಲದಲ್ಲಿ ಮಾತ್ರ ಸ್ವಲ್ಪ ಬಿಸಿಲೇರಿದ ಮೇಲೆ ಹೋಗಿ, ಬೆಳಗಿನ ಜಾವ ತಣ್ಣಗಿನ ಗಾಳಿ ಹೊಗೆಯನ್ನು ನೆಲದ ಹತ್ತಿರವೇ ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಆ ಹಸಿರಿನ ಅರ್ಥ ಕೇಳಿ. ನಮ್ಮ ದೇಶದ ಗಾಳಿ ಗುಣಮಟ್ಟದ ಸೂಚ್ಯಂಕದಲ್ಲಿ ಪಿಎಂ 2.5 ದಿನದ ಸರಾಸರಿ ಒಂದು ಘನ ಮೀಟರ್ ಗಾಳಿಗೆ 30 ಮೈಕ್ರೋಗ್ರಾಂವರೆಗೆ 'ಉತ್ತಮ', 60ರವರೆಗೆ 'ತೃಪ್ತಿಕರ'. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ದಿನದ ಮಿತಿ 15. ಅಂದರೆ 'ಉತ್ತಮ' ಅಂತ ತೋರಿಸುವಾಗಲೂ ಅದರ ಎರಡರಷ್ಟು ಇರಬಹುದು, 'ತೃಪ್ತಿಕರ' ಅಂದಾಗ ನಾಲ್ಕರಷ್ಟು. ವರ್ಷದ ಸರಾಸರಿಗೆ ನಮ್ಮ ಮಿತಿ 40, ಅವರದು 5. ಇದಕ್ಕಿಂತ ಕಡಿಮೆ ಇದ್ದರೆ ಏನೂ ಆಗುವುದಿಲ್ಲ ಅನ್ನುವ ಗೆರೆ ಇನ್ನೂ ಯಾರಿಗೂ ಸಿಕ್ಕಿಲ್ಲ. ಇನ್ನೊಂದು, ಆ ನಂಬರ್ ಮಾಪನ ಯಂತ್ರ ಇರುವ ಜಾಗದ್ದು. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಬಸ್ಸಿನ ಹಿಂದೆ ನಿಂತವರ ಮೂಗಿನದ್ದಲ್ಲ.

ದಿಲ್ಲಿಗಿಂತ ನಾವು ವಾಸಿ, ಒಪ್ಪಿದೆ. ಎತ್ತರದ ಊರು, ಗಾಳಿ ಆಡುತ್ತದೆ. ಆದರೆ ಒಂದು ಕೋಟಿ ದಾಟಿದ ವಾಹನ ಇಟ್ಟುಕೊಂಡು ಹಾಗೆ ಸಮಾಧಾನ ಪಟ್ಟರೆ, ಪಕ್ಕದ ಮನೆಯವನಿಗಿಂತ ನನ್ನ ಸಕ್ಕರೆ ಕಡಿಮೆ ಅಂತ ಲಡ್ಡು ತಿಂದ ಹಾಗಾಗುತ್ತದೆ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. 2019ರಲ್ಲಿ ಗಾಳಿ ಮಾಲಿನ್ಯದಿಂದ ಭಾರತದಲ್ಲಿ ಸುಮಾರು 16.7 ಲಕ್ಷ ಸಾವು, ಜಿಡಿಪಿಯ ಶೇಕಡ 1.36ರಷ್ಟು ನಷ್ಟ ಅಂತ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಗಳಲ್ಲೊಂದರಲ್ಲಿ ಲೆಕ್ಕ ಬಂದಿತ್ತು. ಇದರಲ್ಲಿ ದೊಡ್ಡ ಪಾಲು ದುಡಿಯುವ ಜನ ಬೇಗ ಸತ್ತಿದ್ದರಿಂದ ಆದ ನಷ್ಟ. ನನ್ನ ಮೇಜಿನ ಮೇಲೆ ಕಾಣುವ ಲೆಕ್ಕ ಇದಕ್ಕಿಂತ ಚಿಕ್ಕದು. ಆಟೋದವರು ಬೆರಳು ಮಡಿಸಿ ಹೇಳಿದರು: ತಿಂಗಳಲ್ಲಿ ನಾಲ್ಕೈದು ದಿನ ಗಾಡಿ ತೆಗೆಯಲು ಆಗುವುದಿಲ್ಲ. ಗಾಡಿ ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ. ಆಸ್ಪತ್ರೆಗೆ ಬಂದ ದಿನ ಹೆಂಡತಿಯೂ ಮನೆಗೆಲಸಕ್ಕೆ ರಜೆ. ಸಿರಪ್‌ಗೆ ಕೊಟ್ಟ ಎರಡು ವರ್ಷದ ದುಡ್ಡು ಬೇರೆ. ಶ್ವಾಸನಾಳ ಕಿರಿದಾಗಿದೆಯಾ ಅಂತ ಊದಿಸಿ ನೋಡುವ ಪರೀಕ್ಷೆ ಮೊದಲೇ ಮಾಡಿಸಿದ್ದರೆ ಇನ್‌ಹೇಲರ್ ಆಗಲೇ ಶುರುವಾಗುತ್ತಿತ್ತು. "ಇನ್‌ಹೇಲರ್ ಬೇಡ ಮೇಡಂ, ಅಭ್ಯಾಸ ಆಗೋಗುತ್ತೆ" ಅಂದರು. ಇದರ ಬಗ್ಗೆ ಇನ್ನೊಂದು ಅಂಕಣವೇ ಬೇಕು, ಈಗ ನನಗೆ ತಾಳ್ಮೆ ಇಲ್ಲ.

ಅವರಿಗೆ ಪುಸ್ತಕದ ಸಲಹೆಯನ್ನೂ ಕೊಟ್ಟೆ. ಟ್ರಾಫಿಕ್ ಜಾಸ್ತಿ ಇರೋ ಹೊತ್ತಲ್ಲಿ ಗಾಡಿ ಓಡಿಸಬೇಡಿ ಅಂತ. ಅವರು ನಕ್ಕರು. "ಆ ಹೊತ್ತಲ್ಲೇ ಅಲ್ವಾ ಮೇಡಂ ಬಾಡಿಗೆ ಸಿಗೋದು." ನಾನು ಏರ್ ಪ್ಯೂರಿಫೈಯರ್ ಇರುವ ಕೋಣೆಯಲ್ಲಿ ಕೂತು ಹೇಳಿದ ಮಾತು ಅದು. ಆಮೇಲೆ ಸುಮ್ಮನಾದೆ.

ಮಾರನೇ ದಿನ ಬೆಳಿಗ್ಗೆ ನಮ್ಮ ಬೀದಿಯ ಮೂಲೆಯಲ್ಲಿ ಒಣಗಿದ ಎಲೆ, ಪ್ಲಾಸ್ಟಿಕ್ ಎಲ್ಲಾ ಸೇರಿಸಿ ಬೆಂಕಿ ಹಚ್ಚಿದ್ದರು. ಬಯಲಲ್ಲಿ ಕಸ ಸುಡುವುದನ್ನು ಹಸಿರು ನ್ಯಾಯಮಂಡಳಿ 2016ರಲ್ಲೇ ನಿಷೇಧಿಸಿದೆ, 5,000 ರೂಪಾಯಿ ದಂಡ. ಪಕ್ಕದಲ್ಲಿ ಪೊರಕೆ ಹಿಡಿದು ನಿಂತಿದ್ದ ಪೌರಕಾರ್ಮಿಕ ಹೆಂಗಸಿನ ಮೇಲೆ ರೇಗಿಬಿಟ್ಟೆ. "ನಾನಲ್ಲಮ್ಮಾ ಹಚ್ಚಿದ್ದು, ಆ ಬಿಲ್ಡಿಂಗ್‌ನೋರು. ನಾನು ಆರಿಸೋಕೆ ನಿಂತಿದ್ದೀನಿ" ಅಂದರು. ಅಷ್ಟು ಹೇಳುವುದರಲ್ಲಿ ಮೂರು ಸಲ ಕೆಮ್ಮಿದರು. ಎಷ್ಟು ದಿನದಿಂದ ಕೆಮ್ಮು ಅಂತ ಕೇಳಿದೆ.

"ಅದು ಯಾವಾಗ್ಲೂ ಇರುತ್ತಮ್ಮಾ. ಡಸ್ಟ್ ಅಲರ್ಜಿ ಅಂದಿದ್ದಾರೆ."

ಕ್ಲಿನಿಕ್ ತೋರಿಸಿ, ಹತ್ತು ಗಂಟೆಗೆ ಬನ್ನಿ, ಊದೋ ಟೆಸ್ಟ್ ಮಾಡೋಣ, ದುಡ್ಡು ಬೇಡ ಅಂದೆ. ಆ ಹೊತ್ತಿಗೆ ಬಂದರೆ ಹಾಜರಿ ಹೋಗುತ್ತದೆ ಅಂದರು. ಸಂಜೆ ಬನ್ನಿ ಅಂದೆ. ನೋಡೋಣ ಅಂದರು. ಮೂರು ವಾರ ಆಯಿತು, ಇನ್ನೂ ಬಂದಿಲ್ಲ.