ತಲೆಯಲ್ಲಿ ನಿಲ್ಲದ ನಾಲ್ಕು

47ನ್ನು 6ರಿಂದ ಗುಣಿಸಬೇಕು. ಹುಡುಗಿಗೆ ಮಗ್ಗಿ ಬಾಯಿಪಾಠ. ಏಳಾರಲ ನಲವತ್ತೆರಡು, 2 ಬರೆದಳು, ದಶಕ 4. ಅಷ್ಟರಲ್ಲಿ ಹಿಂದಿನ ಬೆಂಚಿನಲ್ಲಿ ಪೆನ್ಸಿಲ್ ಬಿದ್ದ ಸದ್ದು. ತಿರುಗಿ ನೋಡಿ ಮತ್ತೆ ಲೆಕ್ಕಕ್ಕೆ ಬಂದಳು. ನಾಲ್ಕಾರಲ ಇಪ್ಪತ್ನಾಲ್ಕು. ಉತ್ತರ 242. ದಶಕದ 4 ಎಲ್ಲಿ ಹೋಯಿತೆಂದು ಅವಳಿಗೂ ಗೊತ್ತಿಲ್ಲ.

ಇಂಥ ಪುಟದ ಕೆಳಗೆ ‘ಅಜಾಗರೂಕತೆ’ ಎಂಬ ಷರಾ ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಎಡಿಎಚ್‌ಡಿ, ಅಂದರೆ ಗಮನ ನಿಲ್ಲಿಸುವುದು, ಆತುರ ತಡೆಯುವುದು ಕಷ್ಟವಾಗುವ ಸ್ಥಿತಿ, ಇರುವ ಈ ಮಗುವಿಗೆ ಗುಣಾಕಾರ ಬರುತ್ತದೆ. ಗುಣಿಸಿ ಮುಗಿಸುವ ತನಕ ಒಂದು ಅಂಕಿಯನ್ನು ಮನಸ್ಸಿನಲ್ಲಿ ಹಿಡಿದಿಡುವುದೇ ಕಷ್ಟ. ಆ ಹಿಡಿತಕ್ಕೆ ವರ್ಕಿಂಗ್ ಮೆಮೊರಿ ಎನ್ನುತ್ತಾರೆ. ಎಡಿಎಚ್‌ಡಿ ಇರುವ ಎಲ್ಲರಲ್ಲೂ ಅಲ್ಲ, ಬಹಳಷ್ಟು ಮಕ್ಕಳಲ್ಲಿ ಅದು ದುರ್ಬಲ. ಮಿದುಳು ಮಾಗುವ ವೇಗವೂ ಬೇರೆ. 2007ರಲ್ಲಿ ಸಂಶೋಧಕ ಫಿಲಿಪ್ ಶಾ ಅವರ ತಂಡ ಸ್ಕ್ಯಾನ್‌ಗಳಲ್ಲಿ ಕಂಡದ್ದು ಇದು: ಮಿದುಳಿನ ಹೊರಪದರದ ಅರ್ಧ ಭಾಗ ಗರಿಷ್ಠ ದಪ್ಪ ಮುಟ್ಟುವುದು ಇತರ ಮಕ್ಕಳಲ್ಲಿ ಸುಮಾರು 7.5ನೇ ವಯಸ್ಸಿಗೆ, ಇವರಲ್ಲಿ 10.5ಕ್ಕೆ. ಯೋಜನೆ, ಸಂಯಮಗಳನ್ನು ನೋಡಿಕೊಳ್ಳುವ ಮುಂಭಾಗದಲ್ಲೇ ಈ ತಡ ಹೆಚ್ಚು.

ಹಾಗಾದರೆ ಆ ಹಿಡಿತವನ್ನೇ ಅಭ್ಯಾಸದಿಂದ ಗಟ್ಟಿ ಮಾಡಬಹುದಲ್ಲ? ಸ್ವೀಡನ್ನಿನ ನರವಿಜ್ಞಾನಿ ಟೋರ್ಕೆಲ್ ಕ್ಲಿಂಗ್‌ಬರ್ಗ್ 2000ದ ದಶಕದ ಆರಂಭದಲ್ಲಿ ಇದನ್ನೇ ಪರೀಕ್ಷಿಸಿದರು. ಪರದೆಯ ಮೇಲೆ ಮಿನುಗುವ ಚೌಕಗಳ ಕ್ರಮವನ್ನು ಮಗು ನೆನಪಿಟ್ಟು ಒಪ್ಪಿಸಬೇಕು. ಸರಿ ಹೇಳಿದಷ್ಟೂ ಸರಣಿ ಉದ್ದವಾಗುತ್ತದೆ. ಐದು ವಾರಗಳ ಅಭ್ಯಾಸದ ನಂತರ ನೆನಪಿನ ಪರೀಕ್ಷೆಗಳಲ್ಲಿ ಮಕ್ಕಳ ಅಂಕ ಏರಿತು. ತಂದೆ ತಾಯಂದಿರೂ ಮಗು ಸುಧಾರಿಸಿದೆ ಎಂದರು. ಶಿಕ್ಷಕರಿಗೆ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ.

ಈ ಕೊನೆಯ ಮಾತನ್ನು ಹಗುರವಾಗಿ ಬಿಡುವಂತಿಲ್ಲ. 2015ರಲ್ಲಿ ಸಂಶೋಧಕ ಸ್ಯಾಮ್ಯುಯೆಲೆ ಕೋರ್ಟೇಸೆ ಮತ್ತು ಸಂಗಡಿಗರು ಇಂಥ ಮಿದುಳು ತರಬೇತಿಯ 16 ಪ್ರಯೋಗಗಳನ್ನು ಒಟ್ಟಿಗೆ ಅಳೆದು ನೋಡಿದರು. ವರ್ಕಿಂಗ್ ಮೆಮೊರಿ ಪರೀಕ್ಷೆಗಳಲ್ಲಿ ಲಾಭ ನಿಜವಿತ್ತು. ಆದರೆ ಯಾರಿಗೆ ತರಬೇತಿ ಸಿಕ್ಕಿದೆ ಎಂದು ತಿಳಿಯದವರು ಮಗುವನ್ನು ಗಮನಿಸಿದಾಗ ಲಕ್ಷಣಗಳಲ್ಲಿನ ಸುಧಾರಣೆ ಬಹಳ ಕುಗ್ಗಿತು. ಓದು, ಲೆಕ್ಕದಲ್ಲಿ ಹೇಳಿಕೊಳ್ಳುವಂಥ ಫಲವಿರಲಿಲ್ಲ. ಚೌಕಗಳ ಆಟದಲ್ಲಿ ಪಳಗಿದ ಮಗು ಚೌಕಗಳ ಆಟದಲ್ಲಿ ಪಳಗಿತ್ತು, ಅಷ್ಟೇ. ದುಬಾರಿ ಮಿದುಳು ತರಬೇತಿಗೆ ಹಣ ಕಟ್ಟುವ ಮುನ್ನ ಪಾಲಕರು ಕೇಳಬೇಕಾದ ಪ್ರಶ್ನೆ ಇಲ್ಲಿದೆ: ಆಟದ ಅಂಕ ಬಿಡಿ, ತರಗತಿಯಲ್ಲಿ ಏನು ಬದಲಾಯಿತು?

ಕೌಶಲವನ್ನು ಅದು ಬೇಕಾಗುವ ಜಾಗದಲ್ಲೇ ಕಲಿಸಿದಾಗ ಕಥೆ ಬೇರೆ. ಅಮೆರಿಕದಲ್ಲಿ ಹೋವರ್ಡ್ ಅಬಿಕಾಫ್ ಅವರ ತಂಡ ಎಡಿಎಚ್‌ಡಿ ಇರುವ, 3ರಿಂದ 5ನೇ ತರಗತಿಯ 158 ಮಕ್ಕಳೊಂದಿಗೆ ನಡೆಸಿದ ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಅಲ್ಲಿ ಮಿನುಗುವ ಚೌಕಗಳಿಲ್ಲ. ಹೋಂವರ್ಕ್ ಬರೆದುಕೊಳ್ಳುವುದು, ಪುಸ್ತಕ ಕಾಗದಗಳನ್ನು ಅಚ್ಚುಕಟ್ಟಾಗಿ ಇಟ್ಟುಕೊಳ್ಳುವುದು, ಒಂದು ಕೆಲಸಕ್ಕೆ ಎಷ್ಟು ಹೊತ್ತು ಬೇಕೆಂದು ಅಂದಾಜು ಮಾಡುವುದು, ಇಂಥವನ್ನೇ ಹತ್ತಾರು ಸಲ ಮಾಡಿಸಿದರು. ಮಕ್ಕಳ ಶಿಸ್ತು ಸುಧಾರಿಸಿದ್ದನ್ನು ಮನೆಯವರಷ್ಟೇ ಅಲ್ಲ, ಶಿಕ್ಷಕರೂ ಗುರುತಿಸಿದರು.

ಇನ್ನೊಂದು ಉಪಾಯ ನನಗೆ ತುಂಬ ಇಷ್ಟ. ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ ಅಧ್ಯಯನ ಮಾಡಿದ ‘ಹೀಗಾದರೆ ಹಾಗೆ’ ಸಂಕಲ್ಪ. ‘ಇನ್ನು ಗಮನ ಕೊಡುತ್ತೇನೆ’ ಎಂಬ ಮಾತಿಗೆ ಹಿಡಿಕೆಯೇ ಇಲ್ಲ. ‘ಗಂಟೆ ಹೊಡೆದರೆ ಮೊದಲು ಡೈರಿ ತೆಗೆಯುತ್ತೇನೆ’ ಎಂದರೆ ನೆನಪಿಸುವ ಕೆಲಸ ಗಂಟೆಯದ್ದು. ಎಡಿಎಚ್‌ಡಿ ಇರುವ ಮಕ್ಕಳು ಇಂಥ ಸಂಕಲ್ಪ ಮಾಡಿಕೊಂಡಾಗ ತಮ್ಮ ಆತುರದ ಪ್ರತಿಕ್ರಿಯೆಯನ್ನು ಹೆಚ್ಚು ಚೆನ್ನಾಗಿ ತಡೆದದ್ದು ಪ್ರಯೋಗಾಲಯದಲ್ಲಿ ಕಂಡಿದೆ.

ನಮ್ಮ ಹುಡುಗಿಗೂ ಒಂದು ಸಂಕಲ್ಪ ಸಾಕು: ‘ದಶಕ ಬಂದರೆ ಮೊದಲು ಚೌಕದೊಳಗೆ ಬರೆಯುತ್ತೇನೆ.’ ಆರಂಭದಲ್ಲಿ ಪ್ರತಿ ಲೆಕ್ಕದ ತಲೆಯ ಮೇಲೂ ಆ ಪುಟ್ಟ ಚೌಕವನ್ನು ಶಿಕ್ಷಕರೇ ಎಳೆದುಕೊಡಬೇಕು. ಅವಳು ತುಂಬಿದ ಕೂಡಲೇ, ಸಂಜೆಗೆ ಕಾಯದೆ, ‘ಚೌಕ ತುಂಬಿದೆಯಲ್ಲ, ಭೇಷ್’ ಎನ್ನಬೇಕು. ತಡವಾದ ಮೆಚ್ಚುಗೆ ಈ ಮಕ್ಕಳನ್ನು ಅಷ್ಟಾಗಿ ತಟ್ಟುವುದಿಲ್ಲ. ಆಮೇಲೆ ಚೌಕ ಎಳೆಯುವುದನ್ನೂ ಅವಳಿಗೇ ಬಿಡಬಹುದು. ಪೆನ್ಸಿಲ್‌ಗಳು ಬೀಳುತ್ತಲೇ ಇರುತ್ತವೆ, ಅವಳು ತಿರುಗುತ್ತಲೇ ಇರುತ್ತಾಳೆ. ತಿರುಗಿ ಬಂದಾಗ 4 ಕಾಗದದ ಮೇಲೆ ಕಾದಿರುತ್ತದೆ. ಇಪ್ಪತ್ನಾಲ್ಕಕ್ಕೆ ನಾಲ್ಕು ಸೇರಿ ಇಪ್ಪತ್ತೆಂಟು. 282.